ಕೋನ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಪವರ್ ನಿಜವಾಗಿ ಏರಿದೆಯಾ ಅಂತ ಅಳೆಯುವುದು ಹೇಗೆ?

ಬಿಳಿ_ಸ್ವಿಫ್ಟ್:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಸ್ವಿಫ್ಟ್ ಪೆಟ್ರೋಲ್, 1.2 ಲೀಟರ್ ಎಂಜಿನ್. ಕಂಪನಿ ಲೆಕ್ಕದಲ್ಲಿ ಪವರ್ 83 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದ ಹಾಗೆ), ಟಾರ್ಕ್ ಅಂದರೆ ತಿರುಗಿಸುವ ಬಲ 113 ಎನ್‌ಎಂ. ಬೆಂಗಳೂರಿನಲ್ಲೇ ಓಡುವ ಗಾಡಿ, 62 ಸಾವಿರ ಕಿಲೋಮೀಟರ್ ಆಗಿದೆ. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಡಬ್ಬಿ ಪೂರ್ತಿ ತೆಗೆಸಿ ಡಬ್ಬಿ ಇಲ್ಲದ ತೆರೆದ ಕೋನ್ ಫಿಲ್ಟರ್ ಹಾಕಿಸಿದೆ, ಹಿಂದಿನ ಸೈಲೆನ್ಸರ್ ಬದಲಿಸಿ ಹೊಗೆಗೆ ಅಡ್ಡಿ ಕಡಿಮೆ ಇರುವ ಫ್ರೀ ಫ್ಲೋ ಕೂರಿಸಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಿಲ್ಲ. ಎಲ್ಲಾ ಸೇರಿ 18 ಸಾವಿರ ಆಯಿತು. ಹಳೆ ಡಬ್ಬಿ, ಹಳೆ ಸೈಲೆನ್ಸರ್ ಎರಡೂ ಮನೆಯಲ್ಲೇ ಇವೆ.

ಗ್ಯಾರೇಜಿನವರು "10ರಿಂದ 12 ಹಾರ್ಸ್‌ಪವರ್ ಗ್ಯಾರಂಟಿ" ಅಂದಿದ್ದರು. ಓಡಿಸಿದರೆ ಮೊದಲಿಗಿಂತ ಚುರುಕಾಗಿದೆ ಅನಿಸುತ್ತದೆ, ಅದರಲ್ಲೂ 4000 ಆರ್‌ಪಿಎಂ ದಾಟಿದ ಮೇಲೆ. ಆದರೆ ನನ್ನ ತಮ್ಮ ಓಡಿಸಿ ನೋಡಿ "ಸೌಂಡ್ ಜಾಸ್ತಿ ಆಗಿದೆ ಅಷ್ಟೇ" ಅಂದ. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಮೊಬೈಲಿನಲ್ಲಿ ಓಬಿಡಿ ಆ್ಯಪ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವುದು) ಇದೆ, ಬ್ಲೂಟೂತ್ ಅಡಾಪ್ಟರ್ ಇದೆ. ಅದರಲ್ಲಿ ಹಾರ್ಸ್‌ಪವರ್ ಮೀಟರ್ ಒಮ್ಮೆ 71 ತೋರಿಸಿತು, ಇನ್ನೊಮ್ಮೆ 88, ಮತ್ತೊಮ್ಮೆ 64. ಯಾವುದನ್ನು ನಂಬಲಿ? ಡೈನೋಗೆ (ಗಾಡಿಯನ್ನು ರೋಲರ್ ಮೇಲೆ ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ದುಡ್ಡು ಹಾಕುವ ಮೊದಲು ಮನೆಯಲ್ಲೇ ಸರಿಯಾಗಿ ಅಳೆಯುವ ದಾರಿ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಟ್ಟಗೋಲು:

ಒಳ್ಳೆ ಪ್ರಶ್ನೆ. ಹಾಕಿಸುವ ಮೊದಲೇ ಕೇಳಿದ್ದರೆ ಇನ್ನೂ ಸುಲಭ ಇತ್ತು, ಆದರೆ ಹಳೆ ಸಾಮಾನು ಇಟ್ಟುಕೊಂಡಿದ್ದೀರಿ ಅಲ್ವಾ, ಹಾಗಾಗಿ ಕೆಟ್ಟದ್ದೇನೂ ಆಗಿಲ್ಲ.

ಪವರ್ ಅಳೆಯುವ ಮೊದಲು ಇನ್ನೊಂದನ್ನು ಅಳೆಯಿರಿ. ನಿಮ್ಮ ಹಳೆ ಡಬ್ಬಿ ಎಂಜಿನ್‌ಗೆ ಎಷ್ಟು ಅಡ್ಡಿ ಮಾಡುತ್ತಿತ್ತು? ಇದನ್ನು ಯಾರೂ ನೋಡುವುದಿಲ್ಲ. ಅಡ್ಡಿ ಎಷ್ಟಿತ್ತೋ ಅದಕ್ಕಿಂತ ಜಾಸ್ತಿ ಲಾಭ ಬರೀ ಅಡ್ಡಿ ತೆಗೆಯುವುದರಿಂದ ಬರುವುದಿಲ್ಲ. ಇದಕ್ಕೆ ಡೈನೋ ಬೇಡ, ಗಾರೆ ಕೆಲಸದವರು ನೀರಿನ ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಒಂದು ಉದ್ದ ಹಲಗೆಗೆ ಪೈಪನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಕಟ್ಟಿ, ಎರಡೂ ಕಾಲು ಕನಿಷ್ಠ ಅರ್ಧ ಮೀಟರ್ ಇರಲಿ. ಅರ್ಧಕ್ಕೆ ನೀರು ತುಂಬಿಸಿ, ಕಾಣುವ ಹಾಗೆ ಸ್ವಲ್ಪ ಬಣ್ಣ ಹಾಕಿ. ಒಂದು ತುದಿ ಗಾಳಿಗೆ ಬಿಟ್ಟಿರಲಿ. ಇನ್ನೊಂದು ತುದಿಯನ್ನು ಬಾನೆಟ್ ಸಂದಿಯಿಂದ ಒಳಗೆ ತಂದು ಫಿಲ್ಟರ್ ಆದ ಮೇಲೆ, ಥ್ರಾಟಲ್ ಬಾಡಿಗಿಂತ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು) ಮುಂಚೆ ಬರುವ ರಬ್ಬರ್ ಪೈಪಿಗೆ ಸೇರಿಸಿ. ಹಲಗೆ ಪಕ್ಕದ ಸೀಟಿನಲ್ಲಿ ಕೂತವರ ಕೈಯಲ್ಲಿ ನೆಟ್ಟಗೆ ಇರಬೇಕು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ 5500 ದಾಟುವಾಗ ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸ ಎಷ್ಟು ಸೆಂಟಿಮೀಟರ್ ಅಂತ ವಿಡಿಯೋ ಮಾಡಿ. ಗಾಡಿ ಮುಂದಕ್ಕೆ ನುಗ್ಗುವಾಗ ನೀರು ಓಲಾಡುತ್ತದೆ, ಹಲಗೆಯನ್ನು ಅಡ್ಡಡ್ಡ ಹಿಡಿಯಿರಿ, ಅಂದರೆ ಒಂದು ಕಾಲು ಎಡಕ್ಕೆ, ಒಂದು ಬಲಕ್ಕೆ.

ಒಂದು ಎಚ್ಚರಿಕೆ. ಥ್ರಾಟಲ್ ಆದ ಮೇಲಿನ ಯಾವ ಪೈಪಿಗೂ ಇದನ್ನು ಸೇರಿಸಬೇಡಿ. ಅಲ್ಲಿ ಐಡಲ್‌ನಲ್ಲಿ ಎಳೆತ ಎಷ್ಟು ಜೋರು ಅಂದರೆ ಪೈಪಿನ ನೀರೆಲ್ಲಾ ಒಂದೇ ಗುಟುಕಿಗೆ ಎಂಜಿನ್ ಒಳಗೆ ಹೋಗುತ್ತದೆ. ಸೇರಿಸುವ ಜಾಗ ಎರಡು ಸಲ ನೋಡಿಕೊಳ್ಳಿ.

ಈಗ ಲೆಕ್ಕ. 10.2 ಸೆಂಟಿಮೀಟರ್ ನೀರು ಅಂದರೆ 1 ಕಿಲೋಪ್ಯಾಸ್ಕಲ್. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಹಳೆ ಡಬ್ಬಿಯಲ್ಲಿ 20 ಸೆಂಟಿಮೀಟರ್ ವ್ಯತ್ಯಾಸ ಬಂತು ಅಂದುಕೊಳ್ಳಿ, ಅದು ಹೆಚ್ಚುಕಡಿಮೆ 2 ಕಿಲೋಪ್ಯಾಸ್ಕಲ್, ಅಂದರೆ 91ರಲ್ಲಿ ಶೇ 2.2. ಡಬ್ಬಿ, ಫಿಲ್ಟರ್ ಎಲ್ಲಾ ಕಿತ್ತು ಬರೀ ಬಾಯಿ ಬಿಟ್ಟು ಓಡಿಸಿದರೂ ಅದರಿಂದ ಸಿಗುವುದು ಶೇ 2ರ ಆಸುಪಾಸು. 12 ಹಾರ್ಸ್‌ಪವರ್ ಬರಬೇಕಾದರೆ 83ಕ್ಕೆ ಶೇ 14 ಏರಬೇಕು. ಡಬ್ಬಿ ಅಷ್ಟು ಉಸಿರು ಕಟ್ಟಿಸುತ್ತಿದ್ದರೆ ನಿಮ್ಮ ಪೈಪಿನಲ್ಲಿ ನೀರು ಒಂದು ಮೀಟರಿಗಿಂತ ಜಾಸ್ತಿ ಏರಿಳಿಯಬೇಕಿತ್ತು.

ಡಬ್ಬಿಯಿಂದ ಥ್ರಾಟಲ್ ತನಕದ ಪೈಪಿನ ಉದ್ದ ಬದಲಾದರೆ ಗಾಳಿಯ ಅಲೆ ಬೇರೆ ಆರ್‌ಪಿಎಂಗೆ ಸರಿದು ಒಂದು ಕಡೆ ಸ್ವಲ್ಪ ಬಂದು ಇನ್ನೊಂದು ಕಡೆ ಸ್ವಲ್ಪ ಹೋಗುವುದು ಉಂಟು. ಅದನ್ನು ಈ ಪೈಪು ತೋರಿಸುವುದಿಲ್ಲ, ಅದಕ್ಕೆ ರಸ್ತೆಯ ಪರೀಕ್ಷೆಯೇ ಬೇಕು. ಆದರೂ ಮೊದಲು ಪೈಪು. 6000 ಆರ್‌ಪಿಎಂನಲ್ಲಿ ನಿಮ್ಮ ಪುಟ್ಟ ಎಂಜಿನ್ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಎಳೆಯುತ್ತದೆ. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ 20 ಸೆಕೆಂಡಿನಲ್ಲಿ ಖಾಲಿ ಆದ ಹಾಗೆ. ಕಂಪನಿ ಡಬ್ಬಿ ಮಾಡಿದವರೂ ಆ ಲೆಕ್ಕ ಹಾಕಿಯೇ ಮಾಡಿರುತ್ತಾರೆ.

ಬಿಳಿ_ಸ್ವಿಫ್ಟ್:

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಲೆವೆಲ್ ಪೈಪ್ ನಾಳೆಯೇ ತರುತ್ತೇನೆ. ರಸ್ತೆ ಪರೀಕ್ಷೆ ಬಗ್ಗೆ ಯಾರಾದರೂ ಹೇಳಿ, ಆ್ಯಪ್ ಯಾಕೆ ಹಾಗೆ ಹೊಯ್ದಾಡುತ್ತದೆ ಅನ್ನುವುದನ್ನೂ.

ಹುಬ್ಬಳ್ಳಿ_ಪಾನಾ:

ಆ್ಯಪ್ ಹೊಯ್ದಾಡುವುದಕ್ಕೆ ಕಾರಣ ಇದೆ ತಮ್ಮ. ಅದು ಹಾರ್ಸ್‌ಪವರ್ ಅಳೆಯುವುದೇ ಇಲ್ಲ, ವೇಗ ಎಷ್ಟು ಬೇಗ ಏರಿತು ಅಂತ ನೋಡಿ ನೀವು ಕೊಟ್ಟ ತೂಕದಿಂದ ಗುಣಿಸುತ್ತದೆ. ಓಬಿಡಿಯಲ್ಲಿ ಬರುವ ವೇಗ ಪೂರ್ಣ ಸಂಖ್ಯೆ. 57, 58, 60, ಹೀಗೆ. ನಡುವಿನದು ಇಲ್ಲ. ಅಗ್ಗದ ಅಡಾಪ್ಟರ್ ಸೆಕೆಂಡಿಗೆ ಕೆಲವೇ ಸಲ ಓದುತ್ತದೆ, ಅದರಲ್ಲೂ ನೀವು ಪರದೆಯ ಮೇಲೆ ಹತ್ತು ಮೀಟರ್ ಇಟ್ಟುಕೊಂಡರೆ ಒಂದೊಂದರ ಸರದಿ ಇನ್ನೂ ತಡ. ಹಾಗಿರುವಾಗ ಒಂದು ಕ್ಷಣದ ಹಾರ್ಸ್‌ಪವರ್ ಅಂತ ಅದು ತೋರಿಸುವುದು ಬರೀ ಕುಣಿತ.

ಕೆಲವು ಆ್ಯಪ್ ಗಾಳಿಯ ಹರಿವಿನಿಂದಲೂ ಲೆಕ್ಕ ಹಾಕುತ್ತವೆ. ಗಾಡಿಯಲ್ಲಿ ಗಾಳಿಯ ಹರಿವನ್ನೇ ಅಳೆಯುವ ಮಾಫ್ ಸೆನ್ಸರ್ ಇದ್ದರೆ ಅದಕ್ಕೆ ಒಂದು ಅರ್ಥ ಇದೆ. ಬರೀ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದ್ದರೆ ಆ್ಯಪ್ ನೀವು ತುಂಬಿದ ಒಂದು ಅಂದಾಜು ಸಂಖ್ಯೆಯಿಂದ ಹರಿವನ್ನು ಊಹಿಸುತ್ತದೆ, ಮಾಡಿಫಿಕೇಷನ್ನಿನ ಲಾಭ ಅದರಲ್ಲಿ ಸಿಗುವುದಿಲ್ಲ. ಮಾಫ್ ಇದ್ದವರಿಗೂ ಒಂದು ತೊಂದರೆ. ಪೈಪಿನ ಅಗಲ ಬದಲಾದರೆ ಸೆನ್ಸರಿನ ಓದೇ ತಪ್ಪುತ್ತದೆ.

ಸರಿಯಾದ ಕ್ರಮ ಹೇಳುತ್ತೇನೆ, ನಾನು ನನ್ನ ಗಾಡಿಯಲ್ಲಿ ಮಾಡಿದ್ದು. ಪರದೆಯ ಮೇಲೆ ಎಲ್ಲಾ ತೆಗೆದು ಆರ್‌ಪಿಎಂ ಒಂದನ್ನೇ ಲಾಗ್ ಮಾಡಿ. ಓಬಿಡಿಯಲ್ಲಿ ಆರ್‌ಪಿಎಂ ಕಾಲು ಸುತ್ತಿನ ತನಕ ಸೂಕ್ಷ್ಮವಾಗಿ ಬರುತ್ತದೆ, ವೇಗಕ್ಕಿಂತ ಎಷ್ಟೋ ಮೇಲು. ಕ್ಲಚ್ ಜಾರದಿದ್ದರೆ ಒಂದು ಗೇರಿನಲ್ಲಿ ಆರ್‌ಪಿಎಂ ಅಂದರೆ ವೇಗವೇ. ಸ್ವಿಫ್ಟಿನ ಎರಡನೇ ಗೇರಿನಲ್ಲಿ 3100ರಿಂದ 5800 ಅಂದರೆ ಸುಮಾರು 45ರಿಂದ 85 ಕಿಲೋಮೀಟರ್ ವೇಗ. ಎಂಜಿನ್ ಪೂರ್ತಿ ಉಸಿರೆಳೆಯುವ ಜಾಗ ಇದರಲ್ಲೇ ಬಂತು, ನೂರರ ಮೇಲೆ ಹೋಗಿ ಜೀವ ಪಣಕ್ಕಿಡುವುದು ಬೇಡ. 2500ಕ್ಕೆ ಇಳಿಸಿ, ಪೂರ್ತಿ ಒತ್ತಿ, 6000ಕ್ಕೆ ಬಿಡಿ. ಆಮೇಲೆ ಲಾಗ್ ತೆಗೆದು 3100 ದಾಟಿದ್ದು ಯಾವಾಗ, 5800 ದಾಟಿದ್ದು ಯಾವಾಗ ಅಂತ ಎರಡು ಓದುಗಳ ನಡುವೆ ಲೆಕ್ಕ ಹಾಕಿ ಸೆಕೆಂಡ್ ತೆಗೆಯಿರಿ.

ಬೆಂಗಳೂರಿನಲ್ಲಿ ನಿಮ್ಮ ಗಾಡಿಗೆ ಇದು ಆರೂವರೆ ಸೆಕೆಂಡಿನ ಹತ್ತಿರ ಬರಬೇಕು. 6.4 ಅಂತಲೇ ಇಟ್ಟುಕೊಳ್ಳಿ. ಇಬ್ಬರು ಕೂತು ಒಟ್ಟು ತೂಕ 1030 ಕೆಜಿ ಅಂದುಕೊಂಡರೆ, 45ರಿಂದ 85ಕ್ಕೆ ಗಾಡಿಗೆ ತುಂಬಿದ ಶಕ್ತಿ ಸುಮಾರು 2 ಲಕ್ಷದ 6 ಸಾವಿರ ಜೌಲ್. 6.4ರಿಂದ ಭಾಗಿಸಿದರೆ 32 ಕಿಲೋವ್ಯಾಟ್, ಅಂದರೆ 44 ಹಾರ್ಸ್‌ಪವರ್. ಇದಕ್ಕೆ ಗಾಳಿ, ಟೈರ್ ತಿನ್ನುವುದನ್ನು ಸೇರಿಸಬೇಕು. ಅದನ್ನೂ ಅಳೆಯಬಹುದು. ಅದೇ ರಸ್ತೆಯಲ್ಲಿ ನ್ಯೂಟ್ರಲ್ ಹಾಕಿ 70ರಿಂದ 60ಕ್ಕೆ ತಾನಾಗಿ ಇಳಿಯಲು ಎಷ್ಟು ಸೆಕೆಂಡ್ ಅಂತ ನೋಡಿ. 12 ಸೆಕೆಂಡ್ ಬಂದರೆ 65ರ ವೇಗದಲ್ಲಿ ಸುಮಾರು 6 ಹಾರ್ಸ್‌ಪವರ್ ಅಲ್ಲಿಗೇ ಹೋಗುತ್ತಿದೆ. ಎರಡನೇ ಗೇರಿನಲ್ಲಿ ಫ್ಲೈವೀಲ್, ಚಕ್ರ ಎಲ್ಲಾ ತಿರುಗಿಸುವುದಕ್ಕೆ ಇನ್ನು ಸುಮಾರು ಶೇ 10 ಸೇರಿಸಿ. ಎಲ್ಲಾ ಕೂಡಿದರೆ 54ರ ಹತ್ತಿರ. ಇದು ಚಕ್ರದಲ್ಲಿ ಸಿಗುವ ಸರಾಸರಿ, ಕಂಪನಿ ಹೇಳುವ 83 ಎಂಜಿನ್ ಬಾಯಲ್ಲಿ, ಅದೂ 6000 ಆರ್‌ಪಿಎಂ ಒಂದರಲ್ಲೇ. ಎರಡನ್ನೂ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಮೊದಲಿಗೂ ಈಗಿಗೂ ಇರುವ ವ್ಯತ್ಯಾಸ, ಹಾಗಾಗಿ ಸೆಕೆಂಡುಗಳನ್ನೇ ಹೋಲಿಸಿದರೆ ಸಾಕು.

ಆ ವ್ಯತ್ಯಾಸ ಎಷ್ಟು ಚಿಕ್ಕದು ಅಂತ ನೋಡಿ. ಶೇ 3 ಪವರ್ ಏರಿದರೆ 6.4 ಇದ್ದದ್ದು 6.2 ಆಗುತ್ತದೆ. ಬರೀ 0.2 ಸೆಕೆಂಡ್. ಅದೇ ಗಾಡಿಯಲ್ಲಿ 60 ಕೆಜಿಯ ಒಬ್ಬರು ಇಳಿದರೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ರಸ್ತೆ ನೂರು ಮೀಟರಿಗೆ ಒಂದು ಮೀಟರ್ ಏರಿದರೆ, ಅದು ಕಣ್ಣಿಗೆ ಕಾಣುವುದೂ ಇಲ್ಲ, ಎರಡೂವರೆ ಹಾರ್ಸ್‌ಪವರ್ ಅದೇ ತಿನ್ನುತ್ತದೆ. ಹಾಗಾಗಿ ಒಂದೇ ರಸ್ತೆ, ಹೋಗುವಾಗ ಮೂರು, ಬರುವಾಗ ಮೂರು. ಒಂದೇ ಬೆಳಗ್ಗೆ. ಏಸಿ ಬಂದ್. ಎಂಜಿನ್ ಪೂರ್ತಿ ಬಿಸಿ ಆದ ಮೇಲೆ. ಪೆಟ್ರೋಲ್ ಟ್ಯಾಂಕ್ ಒಂದೇ ಮಟ್ಟ, ಟೈರ್ ಗಾಳಿ ಒಂದೇ. ತೂಕ ಬೇಕಾದರೆ ವೇಬ್ರಿಡ್ಜಿಗೆ ಹೋಗಿ, ಆದರೆ ಅಲ್ಲಿಯ ಕಾಟಾ ಲಾರಿಗೆ ಇರುವುದು, ಐದು ಹತ್ತು ಕೆಜಿ ಅದರ ಲೆಕ್ಕದಲ್ಲಿ ಇಲ್ಲ.

ಇನ್ನೊಂದು ಮಾತು. ಹಳೇದು, ಹೊಸದು, ಮತ್ತೆ ಹಳೇದು, ಈ ಕ್ರಮದಲ್ಲೇ ಮಾಡಿ. ಕೊನೆಯ ಹಳೇದು ಮೊದಲಿನ ಹಳೇದಕ್ಕೆ ಹೊಂದದಿದ್ದರೆ ಬೇರೆ ಏನೋ ಬದಲಾಗಿದೆ ಅಂತ ಅರ್ಥ, ಬಿಸಿಲೋ ಗಾಳಿಯೋ. ಅವತ್ತಿನ ಅಳತೆ ಬಿಟ್ಟುಬಿಡಿ.

ಸಿಟಿ_ಮಲ್ಲೇಶ್ವರ:

ಡೈನೋ ಬಗ್ಗೆ ನನ್ನ ಅನುಭವ ಹೇಳಬೇಕು, ಯಾಕೆಂದರೆ ದುಡ್ಡು ಕೊಟ್ಟು ಅಚ್ಚಾದ ಹಾಳೆ ತಂದರೆ ಅದೇ ಸತ್ಯ ಅಂತ ಎಲ್ಲರೂ ನಂಬುತ್ತಾರೆ, ನಾನೂ ನಂಬಿದ್ದೆ.

ನನ್ನದು 1.5 ಪೆಟ್ರೋಲ್ ಹೋಂಡಾ ಸಿಟಿ, 119 ಪಿಎಸ್. ಮಾಡಿಫಿಕೇಷನ್ನಿಗೆ ಮೊದಲು ಒಂದು ಕಡೆ ಡೈನೋ ಹತ್ತಿಸಿದೆ. ಮೂರು ಸಲ ಓಡಿಸಿದರು. 93, 91, 89. ಏನೂ ಮುಟ್ಟದೆ ನಾಲ್ಕು ಹಾರ್ಸ್‌ಪವರ್ ಹೋಯಿತು! ನಿಂತಲ್ಲೇ ಓಡುವಾಗ ಎದುರು ಬರೀ ಒಂದು ಫ್ಯಾನ್, ಬಾನೆಟ್ ಒಳಗೆ ಕಾವು ಏರುತ್ತಾ ಹೋಯಿತು, ಅಷ್ಟೇ ಕಾರಣ. ಒಂದು ತಿಂಗಳ ಮೇಲೆ ಇನ್‌ಟೇಕ್, ಹೆಡರ್ಸ್ (ಎಂಜಿನ್‌ನಿಂದ ಹೊಗೆ ಹೊರಬರುವ ಪೈಪುಗಳು) ಹಾಕಿಸಿ ಬೇರೆ ಕಡೆ ಹತ್ತಿಸಿದೆ. 101 ಬಂತು. ನಾನು ಮನೆಗೆಲ್ಲಾ ಸ್ವೀಟ್ ತಂದೆ.

ಎಷ್ಟೋ ದಿನದ ಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದಾಗ ಎರಡನೆಯದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಸ್‌ಎಇ, 1.12 ಅಂತ ಇತ್ತು. ಮೊದಲಿನದರಲ್ಲಿ ಅದು ಇರಲಿಲ್ಲ. ಎಸ್‌ಎಇ ಜೆ1349 ಅನ್ನುವ ನಿಯಮದಲ್ಲಿ ಅಳತೆಯನ್ನು 25 ಡಿಗ್ರಿ, 99 ಕಿಲೋಪ್ಯಾಸ್ಕಲ್ ಒಣಗಾಳಿಗೆ ಪರಿವರ್ತಿಸುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಇಲ್ಲಿ ಗಾಳಿ ತೆಳು, ಹಾಗಾಗಿ ಸಾಫ್ಟ್‌ವೇರ್ ಶೇ 12 ಸೇರಿಸಿ ತೋರಿಸಿದೆ. 101ನ್ನು 1.12ರಿಂದ ಭಾಗಿಸಿದರೆ 90. ಅಂದರೆ ಮೊದಲಿನ ಮೂರು ಅಳತೆಗಳ ನಡುವೆಯೇ ಬಂತು. 40 ಸಾವಿರಕ್ಕೆ ಸಿಕ್ಕಿದ್ದು ಸೊನ್ನೆ.

ಯಾರೂ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಪರಿವರ್ತನೆ ತಪ್ಪೂ ಅಲ್ಲ. ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಹಾಕದೆ ಹೋಲಿಸಿದ್ದು ತಪ್ಪು. ಡೈನೋಗೆ ಹೋಗುವವರು ಇಷ್ಟು ಕೇಳಿ: ಒಂದೇ ಡೈನೋ, ಒಂದೇ ದಿನ, ಗಾಡಿ ಕೆಳಗಿಳಿಸದೆ ಭಾಗ ಬದಲಿಸಿ ಓಡಿಸಲು ಬಿಡುತ್ತೀರಾ? ಪರಿವರ್ತನೆ ಇಲ್ಲದ ಸಂಖ್ಯೆ ಕೊಡುತ್ತೀರಾ? ಪ್ರತಿ ಓಟದ ನಡುವೆ ಎಷ್ಟು ಹೊತ್ತು ತಣಿಸುತ್ತೀರಿ? ಇನ್ನೊಂದು, ಹಾಳೆಯಲ್ಲಿ ಚಕ್ರದ ಪವರ್ ಇದೆಯೋ, ಅದಕ್ಕೆ ಶೇ 15 ಸೇರಿಸಿ ಎಂಜಿನ್ ಪವರ್ ಅಂತ ಬರೆದಿದ್ದಾರೋ ನೋಡಿ. ಆ 15 ಅನ್ನುವುದು ಊಹೆ.

ಕುಡ್ಲದ_ಗಾಡಿ:

ಸಿಟಿಯವರು ಎತ್ತರದ ಮಾತು ತೆಗೆದರು, ಅದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನನ್ನದೂ ಸ್ವಿಫ್ಟ್, ಅದೇ ಎಂಜಿನ್, ಏನೂ ಮಾಡಿಸಿಲ್ಲ. ಕೆಲಸ ಬೆಂಗಳೂರಿನಲ್ಲಿ, ಮನೆ ಮಂಗಳೂರಿನಲ್ಲಿ. ಶಿರಾಡಿ ಘಾಟ್ ಇಳಿದು ಉಪ್ಪಿನಂಗಡಿ ದಾಟಿದ ಮೇಲೆ ಗಾಡಿ ಬೇರೆಯದೇ ಅನಿಸುತ್ತದೆ, ಪ್ರತಿ ಸಲ. ಮೊದಲು ಊರಿಗೆ ಹೋಗುವ ಖುಷಿ ಅಂತ ಅಂದುಕೊಂಡಿದ್ದೆ. ನನ್ನ ಮೊಬೈಲಿನಲ್ಲಿ ಬ್ಯಾರೋಮೀಟರ್ ಇದೆ. ಬೆಂಗಳೂರಿನಲ್ಲಿ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 1010. ಶೇ 11ರಷ್ಟು ಒತ್ತಡ ಜಾಸ್ತಿ. ನಮ್ಮೂರಿನ ಸೆಕೆ, ಗಾಳಿಯಲ್ಲಿರುವ ನೀರಿನ ಆವಿ ಎರಡೂ ಸ್ವಲ್ಪ ಕಿತ್ತುಕೊಳ್ಳುತ್ತವೆ, ಆದರೂ ಶೇ 8 ಉಳಿಯುತ್ತದೆ. ಟರ್ಬೋ ಗಾಡಿಯವರಿಗೆ ಇದು ಇಷ್ಟು ಗೊತ್ತಾಗುವುದಿಲ್ಲ, ಟರ್ಬೋ ತಾನೇ ಒತ್ತಿ ತುಂಬಿಸುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ ಬೆಂಗಳೂರಿನಲ್ಲಿ ಒಂದು ಅಳತೆ, ಊರಿಗೆ ಬಂದು ಒಂದು ಅಳತೆ ಮಾಡಿ ದಯವಿಟ್ಟು ಹೋಲಿಸಬೇಡಿ. ಜನವರಿ ಬೆಳಗ್ಗೆ ಒಂದು, ಏಪ್ರಿಲ್ ಮಧ್ಯಾಹ್ನ ಒಂದು ಮಾಡಿದರೂ ಅಷ್ಟೇ. ಅಳೆಯುವಾಗೆಲ್ಲಾ ಆ್ಯಪಿನಲ್ಲಿ ಇನ್‌ಟೇಕ್ ಗಾಳಿಯ ಉಷ್ಣತೆ ಬರೆದಿಟ್ಟುಕೊಳ್ಳಿ. ನಿಮ್ಮ ಕೋನ್ ಫಿಲ್ಟರ್ ಬಾನೆಟ್ ಒಳಗೇ ತೆರೆದು ಕೂತಿದೆ ಅಲ್ವಾ? ಕಂಪನಿ ಡಬ್ಬಿ ಮುಂದಿನಿಂದ ಹೊರಗಿನ ತಂಪು ಗಾಳಿ ಎಳೆಯುತ್ತಿತ್ತು. ಅದನ್ನು ನೋಡಿ ಒಮ್ಮೆ.

ಬಿಳಿ_ಸ್ವಿಫ್ಟ್:

ಮೂರು ವಾರ ಆಯಿತು, ಎಲ್ಲಾ ಮಾಡಿ ಈಗ ಬರೆಯುತ್ತಿದ್ದೇನೆ. ತಮ್ಮನೇ ಪಕ್ಕದಲ್ಲಿ ಹಲಗೆ ಹಿಡಿದು ಕೂತ. ಬೆಳಗ್ಗೆ ಐದೂವರೆಗೆ ಹೊರಟು ದೇವನಹಳ್ಳಿ ಆಚೆ ಒಂದು ನೇರ ಖಾಲಿ ರಸ್ತೆ ಹುಡುಕಿದೆವು.

ಮೊದಲು ಪೈಪು. ಹಳೆ ಡಬ್ಬಿ, ಅದರಲ್ಲಿ ಮೊದಲಿದ್ದ ಹಳೆ ಕಾಗದದ ಫಿಲ್ಟರ್: 24 ಸೆಂಟಿಮೀಟರ್. ಅದೇ ಡಬ್ಬಿಗೆ ಹೊಸ ಕಾಗದದ ಫಿಲ್ಟರ್ ಹಾಕಿದಾಗ 17. ಕೋನ್ ಫಿಲ್ಟರ್: 6. ಅಂದರೆ ಹೊಸ ಫಿಲ್ಟರ್ ಹಾಕಿದ ಡಬ್ಬಿಗೂ ಕೋನ್‌ಗೂ ಇರುವ ವ್ಯತ್ಯಾಸ 11 ಸೆಂಟಿಮೀಟರ್, ಶೇ 1.2 ಅಷ್ಟೇ. 7 ಸೆಂಟಿಮೀಟರ್ ಹೊಸ ಕಾಗದದ ಫಿಲ್ಟರ್ ಒಂದರಿಂದಲೇ ಬಂತು, ಅದಕ್ಕೆ ಕೆಲವೇ ನೂರು ರೂಪಾಯಿ.

ಉಷ್ಣತೆ ನೋಡಿ ನನಗೆ ಬೇಸರ ಆಯಿತು. ಅದೇ ರಸ್ತೆ, ಅದೇ ಬೆಳಗ್ಗೆ, ಡಬ್ಬಿಯಲ್ಲಿ 31 ಡಿಗ್ರಿ, ಕೋನ್‌ನಲ್ಲಿ 46. ಕುಡ್ಲದವರು ಹೇಳಿದ್ದೇ ಆಯಿತು.

ಸಮಯ, ಆರಾರು ಓಟದ ಸರಾಸರಿ, ಫ್ರೀ ಫ್ಲೋ ಸೈಲೆನ್ಸರ್ ಹಾಗೇ ಇಟ್ಟು: ಡಬ್ಬಿ 6.41, ಕೋನ್ 6.48, ಮತ್ತೆ ಡಬ್ಬಿ 6.43. ಒಂದೇ ದಿಕ್ಕಿನ ಓಟಗಳಲ್ಲೇ 0.08 ಸೆಕೆಂಡ್ ಹೆಚ್ಚುಕಡಿಮೆ ಇತ್ತು. ಮುಂದಿನ ಭಾನುವಾರ ಹಳೆ ಸೈಲೆನ್ಸರ್ ಹಾಕಿಸಿ ಡಬ್ಬಿಯ ಜೊತೆ ಓಡಿಸಿದೆ, 6.47 ಬಂತು. ಆದರೆ ಅದು ಬೇರೆ ದಿನ, ಹಾಗಾಗಿ ಸೈಲೆನ್ಸರಿನಿಂದ ಏನಾದರೂ ಬಂದಿದೆ ಅಂತ ನಾನು ಹೇಳುವುದಿಲ್ಲ.

ಹಾಗಾದರೆ ಚುರುಕಾಗಿದೆ ಅಂತ ನನಗೆ ಯಾಕೆ ಅನಿಸಿತು? ಬಿಲ್ ತೆಗೆದು ನೋಡಿದೆ. ಅವತ್ತೇ ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ದಾರೆ, ಸ್ಪಾರ್ಕ್ ಪ್ಲಗ್ ನಾಲ್ಕೂ ಹೊಸದು. ಅದಕ್ಕೂ ಮೊದಲು ಫಿಲ್ಟರ್ ಮುಚ್ಚಿಕೊಂಡಿತ್ತು. ಆಮೇಲೆ ಸೌಂಡ್. ಕೋನ್ ಫಿಲ್ಟರಿನಲ್ಲಿ 4000 ದಾಟಿದ ಮೇಲೆ ಗರ್ಜನೆ ಬರುತ್ತದೆ, ನನಗೆ ಚುರುಕು ಅನಿಸಿದ್ದೂ ಅಲ್ಲೇ.

ಮಟ್ಟಗೋಲು:

ಇಷ್ಟು ಅಚ್ಚುಕಟ್ಟಾಗಿ ಅಳೆದು ಬಂದು ಬರೆದಿದ್ದೀರಿ, ನಿಜವಾಗಲೂ ಖುಷಿ ಆಯಿತು. ತಮ್ಮನಿಗೂ ಹೇಳಿ.

ನಿಮ್ಮ ಸಂಖ್ಯೆ ಒಂದಕ್ಕೊಂದು ಹೊಂದುತ್ತವೆ. ಅಡ್ಡಿ ಕಡಿಮೆ ಆಗಿದ್ದರಿಂದ ಶೇ 1.2 ಬಂತು. 31ರಿಂದ 46 ಡಿಗ್ರಿಗೆ ಏರಿದ್ದಕ್ಕೆ ಎಸ್‌ಎಇ ಲೆಕ್ಕದಲ್ಲೇ ಸುಮಾರು ಶೇ 2.4 ಹೋಯಿತು. ಉಳಿದದ್ದು ಶೇ 1.2 ನಷ್ಟ, ಅಂದರೆ 6.42 ಇದ್ದದ್ದು 6.5ರ ಹತ್ತಿರ ಬರಬೇಕು, ನಿಮಗೆ 6.48 ಬಂದಿದೆ. ಓಟದಿಂದ ಓಟಕ್ಕೆ 0.08 ಹೊಯ್ದಾಟ ಇರುವುದರಿಂದ ನಷ್ಟ ಆಯಿತು ಅಂತ ಕೂಡ ಎದೆ ತಟ್ಟಿ ಹೇಳಲಾಗದು. 12 ಹಾರ್ಸ್‌ಪವರ್ ಬಂದಿಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು. ಬಂದಿದ್ದರೆ ಸಮಯ ಐದೂವರೆ ಸೆಕೆಂಡಿನ ಹತ್ತಿರ ಇಳಿಯಬೇಕಿತ್ತು.

ಸೈಲೆನ್ಸರ್ ಅಳೆಯಲೇಬೇಕು ಅಂತ ಇದ್ದರೆ ಅದಕ್ಕೂ ಒತ್ತಡವೇ ದಾರಿ. ಕ್ಯಾಟಲಿಟಿಕ್ ಆದ ಮೇಲೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ 18 ಎಂಎಂ ಥ್ರೆಡ್ಡಿನ ಒಂದು ಅಡಾಪ್ಟರ್, ಅದಕ್ಕೆ ಒಂದು ಮೀಟರ್ ಲೋಹದ ಬ್ರೇಕ್ ಪೈಪ್, ಅದು ಆದ ಮೇಲೆ ರಬ್ಬರ್ ಪೈಪ್, ಕೊನೆಗೆ ಕಡಿಮೆ ಒತ್ತಡದ ಗೇಜ್. ಲೋಹದ ಪೈಪ್ ಬಿಟ್ಟರೆ ರಬ್ಬರ್ ಕರಗುತ್ತದೆ. ಚೆಕ್ ಎಂಜಿನ್ ದೀಪ ಬರಬಹುದು, ಸೆನ್ಸರ್ ವಾಪಸ್ ಹಾಕಿ ಅಳಿಸಿ. ಅಲ್ಲಿ ಕಾಣುವ ಒತ್ತಡ ಪೂರ್ತಿ ಸೈಲೆನ್ಸರ್, ಹಿಂದಿನ ಪೈಪುಗಳದ್ದು. 10 ಕಿಲೋಪ್ಯಾಸ್ಕಲ್ ಕಡಿಮೆ ಆದರೆ ಪಿಸ್ಟನ್ ಹೊಗೆ ತಳ್ಳುವ ಕೆಲಸದಲ್ಲಿ ಉಳಿಯುವುದು ನಿಮ್ಮ ಎಂಜಿನ್‌ಗೆ ಸುಮಾರು ಶೇ 1. ಸಿಲಿಂಡರಿನಲ್ಲಿ ಹಳೆ ಹೊಗೆ ಕಡಿಮೆ ಉಳಿಯುವುದರಿಂದ ಇನ್ನು ಸ್ವಲ್ಪ.

"ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ಟಾರ್ಕ್ ಹೋಗುತ್ತದೆ" ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಒತ್ತಡ ಯಾವತ್ತೂ ಸಹಾಯ ಮಾಡುವುದಿಲ್ಲ. ತೀರಾ ಅಗಲದ ಪೈಪ್ ಹಾಕಿದಾಗ ಹೊಗೆಯ ವೇಗ, ಅಲೆ ಎರಡೂ ಸಡಿಲ ಆಗಿ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ, ಜನ ಅದನ್ನೇ ಬ್ಯಾಕ್ ಪ್ರೆಶರ್ ಅನ್ನುತ್ತಾರೆ.

ಹುಬ್ಬಳ್ಳಿ_ಪಾನಾ:

ತಮ್ಮ, ಸೈಲೆನ್ಸರ್ ವಿಷಯದಲ್ಲಿ ಒಂದು ಮಾತು ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನಮ್ಮ ರಾಜ್ಯದಲ್ಲಿ ಪೊಲೀಸರು ಜೋರು ಸೌಂಡಿನ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ. ಅದು ಹಾಗಿರಲಿ, ರಾತ್ರಿ ಹನ್ನೊಂದಕ್ಕೆ ನಮ್ಮ ಓಣಿಯಲ್ಲಿ ಅಂಥದ್ದೊಂದು ಹೋದರೆ ತೊಟ್ಟಿಲಲ್ಲಿರುವ ಮಗು ಎದ್ದು ಅಳುತ್ತದೆ. ಪವರ್ ಬಂದಿದ್ದರೆ ಒಂದು ಮಾತು. ಬಂದಿಲ್ಲ ಅಂತ ನೀವೇ ಅಳೆದಿದ್ದೀರಿ.

ಬಿಳಿ_ಸ್ವಿಫ್ಟ್:

ಸರಿ ಅಣ್ಣ. ಹಳೆ ಸೈಲೆನ್ಸರ್ ಹಾಕಿಸಿ ಆಗಿದೆ, ಅದು ಹಾಗೇ ಇರುತ್ತದೆ. ಡಬ್ಬಿ, ಹೊಸ ಕಾಗದದ ಫಿಲ್ಟರ್ ಎರಡೂ ವಾಪಸ್ ಕೂತಿವೆ. ಕೋನ್ ಫಿಲ್ಟರ್ ಮಾರುವುದಿಲ್ಲ, ಇನ್ನೊಬ್ಬರಿಗೆ 12 ಹಾರ್ಸ್‌ಪವರ್ ಅಂತ ಹೇಳಿ ಕೊಡಲು ಮನಸ್ಸು ಬರುತ್ತಿಲ್ಲ.

ಮುಂದಿನ ತಿಂಗಳು ಮಂಗಳೂರಿನಲ್ಲಿ ಒಂದು ಮದುವೆ ಇದೆ. ಕುಡ್ಲದವರೇ, ನಿಮ್ಮ ಕಡೆ ಬೆಳಗ್ಗೆ ಹೊತ್ತು ಖಾಲಿ ಇರುವ ಸಮತಟ್ಟಾದ ನೇರ ರಸ್ತೆ ಯಾವುದು ಅಂತ ಹೇಳಿ. ಏನೂ ಬದಲಿಸದೆ, ಘಾಟ್ ಇಳಿದ ಮೇಲೆ 6.4 ಎಷ್ಟಕ್ಕೆ ಬರುತ್ತದೆ ಅಂತ ನೋಡಬೇಕು. ಹಲಗೆ, ಪೈಪು ಡಿಕ್ಕಿಯಲ್ಲೇ ಇವೆ.